ಕುರುಬ ಎದ್ದಿರ್ತಾನೆ

ಆಪರೇಷನ್ನಿಗೆ ಮುಂಚಿನ ದಿನ ಸಂಜೆ ನರ್ಸಮ್ಮ ಬಂದು ಕಾಲುಂಗುರ ತೆಗೀರಿ ಅಂದ್ರು. ಬಳೆ ತೆಗೆದಿದ್ದೆ, ಓಲೆ ತೆಗೆದಿದ್ದೆ, ತಾಳಿ ಬಿಚ್ಚಿ ನಮ್ಮನೆಯವ್ರ ಕೈಯಲ್ಲಿ ಕೊಟ್ಟಿದ್ದೆ, ಕಾಲುಂಗುರ ಮಾತ್ರ ಬರ್ತಾನೇ ಇರ್ಲಿಲ್ಲ. ಮದುವೆ ಆಗಿ ಹದಿನೇಳು ವರ್ಷದಲ್ಲಿ ಒಂದ್ಸಲಾನೂ ತೆಗೆದಿರ್ಲಿಲ್ಲ, ಅದೂ ಅಲ್ದೆ ಹಾರ್ಟಿನ ತೊಂದ್ರೆಯಿಂದ ಕಾಲು ಬಾತ್ಕೊಂಡು ಬೆರಳೆಲ್ಲ ಊದಿದ್ವು. ಕೊನೆಗೆ ನಮ್ಮನೆಯವ್ರು ನೆಲದ ಮೇಲೆ ಕೂತು, ನನ್ನ ಪಾದ ತೊಡೆ ಮೇಲೆ ಇಟ್ಕೊಂಡು, ಸೋಪು ಹಚ್ಚಿ ಹಚ್ಚಿ ತಿರುವಿ ತೆಗೆದ್ರು. ಉಂಗುರ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಮೆತ್ತಗೆ, ಹಸುಗೂಸಿನ ಚರ್ಮದ ಥರ ಇತ್ತು. ಅದನ್ನ ನೋಡಿದ್ದೇ ತಡ, ಅಲ್ಲೀವರೆಗೂ ತಡ್ಕೊಂಡಿದ್ದ ಅಳು ಉಕ್ಕಿ ಬಂತು. ನಾಳೆ ಈ ಹೊತ್ತಿಗೆ ಈ ಉಂಗುರ ಮತ್ತೆ ಹಾಕ್ಕೊಳೋಕೆ ನಾನಿರ್ತೀನೋ ಇಲ್ವೋ ಅಂತ.

ಇದು 2022ರ ಮಾತು. ಆಗಿಂದ ಎಷ್ಟೋ ಜನ ಕೇಳಿದಾರೆ, ಟೀಚರ್ ನಿಮಗೆ ಹೆದರಿಕೆ ಆಗ್ಲಿಲ್ವಾ, ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ. ಹೆದರಿಕೆ ಆಯ್ತು, ಬಹಳ ಆಯ್ತು. ಆದ್ರೆ ಆ ಹೆದರಿಕೆ ಒಳಗೇ ಒಂದು ಸಮಾಧಾನ ಸಿಕ್ತು, ಅದು ಎಲ್ಲಿಂದ ಬಂತು ಅನ್ನೋದನ್ನ ಒಂದು ಮಾತಲ್ಲಿ ಹೇಳೋಕೆ ಬರಲ್ಲ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ನಾನು ಒಂಬತ್ತು ವರ್ಷದೋಳು ಇದ್ದಾಗಿನ ಒಂದು ಬೇಸಿಗೆಗೆ.

ಈಗ ನಾವಿರೋದು ಬಳ್ಳಾರಿಲಿ, ನಮ್ಮನೆಯವ್ರು ಕೌಲ್ ಬಜಾರಲ್ಲಿ ನಾಲ್ಕು ಮಷೀನ್ ಹಾಕ್ಕೊಂಡು ಜೀನ್ಸ್ ಹೊಲಿಸ್ತಾರೆ, ನಾನು ಒಂದು ಖಾಸಗಿ ಶಾಲೆಲಿ ಪಾಠ ಹೇಳ್ತೀನಿ. ಆದ್ರೆ ಹುಟ್ಟಿ ಬೆಳೆದಿದ್ದು ಕುಷ್ಟಗಿ ಕಡೆ ಒಂದು ಹಳ್ಳಿಲಿ. ಈಗ ಅದು ಕೊಪ್ಪಳ ಜಿಲ್ಲೆ, ನಾನು ಚಿಕ್ಕೋಳಿದ್ದಾಗ ರಾಯಚೂರು ಜಿಲ್ಲೆ, 1997ರಲ್ಲಿ ಬೇರೆ ಆಯ್ತು. ಅಪ್ಪ ಅಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು, ಊರಲ್ಲಿ ಕ್ರೈಸ್ತರ ಮನೆ ಅಂದ್ರೆ ನಮ್ಮದೊಂದೇ. ಆ ವರ್ಷ ಶಿವರಾತ್ರಿ ಆಸುಪಾಸು ನಂಗೆ ಗಂಟಲು ನೋವು ಬಂತು, ಎರಡು ದಿನಕ್ಕೆ ಹೋಯ್ತು, ಯಾರೂ ತಲೆ ಕೆಡಿಸ್ಕೊಳ್ಲಿಲ್ಲ. ಎರಡು ಮೂರು ವಾರ ಆದ್ಮೇಲೆ ಜ್ವರ ಶುರುವಾಯ್ತು, ಮಂಡಿ ಊದಿಕೊಳ್ತು, ಅದು ಇಳೀತು ಅನ್ನೋಷ್ಟರಲ್ಲಿ ಪಾದದ ಕೀಲು, ಅದು ಇಳಿದ್ರೆ ಮೊಣಕೈ. ಪಕ್ಕದೂರಲ್ಲಿ ಸೂಜಿ ಹಾಕೋ ಒಬ್ಬರಿದ್ರು, ಅವ್ರು ನೋಡಿ, ಬೆಳೆಯೋ ಮಕ್ಕಳಿಗೆ ಹಿಂಗೆಲ್ಲ ಕೀಲು ನೋವು ಬರ್ತದ್ರಿ ಮಾಸ್ತರ, ತಾನಾಗೇ ಹೋಗ್ತದ ಅಂದ್ರು. ಹೋಯ್ತು ಕೂಡ. ಆದ್ರೆ ಹೋಗೋವಾಗ ಹೃದಯಕ್ಕೆ ಗಾಯ ಮಾಡಿ ಹೋಗಿತ್ತು, ಅದು ಗೊತ್ತಾಗೋಕೆ ಹದಿನೆಂಟು ವರ್ಷ ಬೇಕಾಯ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಭಾಗದಲ್ಲಿ ತಾಯಂದ್ರಿಗೆ ಇದು ಗೊತ್ತಿರ್ಲೇಬೇಕು. ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಮಕ್ಕಳಿಗೆ ಗಂಟಲು ನೋವು ಬರ್ತದೆ, ಐದರಿಂದ ಹದಿನೈದು ವರ್ಷದ ಮಕ್ಕಳಿಗೇ ಜಾಸ್ತಿ. ಸರಿಯಾದ ಆಂಟಿಬಯಾಟಿಕ್ ಬೀಳದೆ ಹೋದ್ರೆ ಕೆಲವು ಮಕ್ಕಳಲ್ಲಿ, ಆ ರೋಗಾಣು ಜೊತೆ ಹೋರಾಡೋಕೆ ಎದ್ದ ಮೈಯ ಶಕ್ತೀನೇ ತಿರುಗಿ ತನ್ನ ಕೀಲುಗಳ ಮೇಲೆ, ಹೃದಯದ ಮೇಲೆ ಬೀಳ್ತದೆ. ರುಮ್ಯಾಟಿಕ್ ಜ್ವರ ಅಂತಾರೆ. ಕೀಲು ವಾಸಿ ಆಗ್ತದೆ, ಹೃದಯದ ವಾಲ್ವ್, ಅಂದ್ರೆ ರಕ್ತ ಹೋಗೋಕೆ ತೆರೆದು ಮುಚ್ಚೋ ಬಾಗಿಲು, ವಾಸಿ ಆಗಲ್ಲ, ಗಟ್ಟಿಯಾಗ್ತಾ ಕಿರಿದಾಗ್ತಾ ಹೋಗ್ತದೆ. ಪೆನಿಸಿಲಿನ್ ಅಂಥ ಹಳೇ, ಅಗ್ಗದ ಔಷಧಿ ಸಾಕಾಗಿತ್ತು ನಂಗೆ. ಮಗುವಿಗೆ ಗಂಟಲು ನೋವಿನ ಜೊತೆ ಜ್ವರ ಇದ್ರೆ, ಆಮೇಲೆ ಒಂದು ಕೀಲಿಂದ ಇನ್ನೊಂದು ಕೀಲಿಗೆ ನೋವು ಓಡಾಡಿದ್ರೆ, ದಯವಿಟ್ಟು ಎಂಬಿಬಿಎಸ್ ಡಾಕ್ಟ್ರಿಗೆ ತೋರಿಸ್ರಿ, ಮನೇಲಿ ಕೂರಬೇಡ್ರಿ.

ಆ ಬೇಸಿಗೆಗೆ ಬರ್ತೀನಿ. ನಂಗೆ ನಡೆಯೋಕೆ ಆಗ್ತಿರ್ಲಿಲ್ಲ, ಒಳಗೆ ಸೆಕೆ ಅಂತ ಅವ್ವ ರಾತ್ರಿ ಅಂಗಳದಲ್ಲಿ ಹೊರಸು ಹಾಕಿ ಮಲಗಿಸ್ತಿದ್ರು. ನಮ್ಮ ಮನೆ ಊರಂಚಿಗೆ, ಪಕ್ಕದಲ್ಲೇ ಹೊಲ. ಹೊಲಕ್ಕೆ ಗೊಬ್ಬರ ಆಗ್ಲಿ ಅಂತ ರೈತರು ಕುರುಬರನ್ನ ಕರೆದು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸ್ತಾರಲ್ಲ, ಹಂಗೆ ಆ ವರ್ಷ ಒಬ್ಬ ಅಜ್ಜ ತನ್ನ ಮಂದೆ ತಂದು ನಿಲ್ಲಿಸಿದ್ದ. ನಿಲ್ಲಿಸಿದ್ದಕ್ಕೆ ಜೋಳ ಕೊಡ್ತಿದ್ರು. ಮೈತುಂಬ ಕರಿ ಕಂಬಳಿ, ಕೈಯಲ್ಲಿ ಕೋಲು, ಪಕ್ಕಕ್ಕೆ ಒಂದು ದಪ್ಪ ದೊಣ್ಣೆ. ಎರಡು ನಾಯಿ. ಮರಿಗಳನ್ನ ದೊಡ್ಡ ಬುಟ್ಟಿ ಕೆಳಗೆ ಮುಚ್ಚಿ ಇಡ್ತಿದ್ದ. ಆಗ ಅಲ್ಲಿ ತೋಳದ ಕಾಟ ಇತ್ತು. ನಮ್ಮ ಜಿಲ್ಲೆಲಿ ತೋಳ ಈಗ್ಲೂ ಇದಾವೆ, ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೇ ಅಂತ ಧಾಮ ಮಾಡಿದಾರೆ.

ನಂಗೆ ನೋವಿಗೆ ನಿದ್ದೆ ಬರ್ತಿರ್ಲಿಲ್ಲ, ಅಜ್ಜಾನೂ ಮಲಗ್ತಿರ್ಲಿಲ್ಲ. ಒಂದಿನ ನಡುರಾತ್ರಿ ಹೊರಸಿನ ಮೇಲಿಂದಾನೇ ಕೇಳ್ದೆ, ಅಜ್ಜ ನಿಂಗ ನಿದ್ದಿ ಬರಂಗಿಲ್ಲೇನು ಅಂತ. ಬೀಡಿ ಬೆಂಕಿ ಕತ್ತಲಲ್ಲಿ ಒಂದ್ಸಲ ಕೆಂಪಗಾಯ್ತು. "ಬರ್ತದ ತಂಗಿ, ಯಾಕ ಬರಂಗಿಲ್ಲ. ಆದ್ರ ಕುರಿ ಮಲಗ್ಯಾವ ನೋಡು. ಅವು ಮಲಗಬೇಕಂದ್ರ ನಾ ಎದ್ದಿರಬೇಕು" ಅಂದ.

ಇನ್ನೊಂದು ದಿನ ಬೆಳಿಗ್ಗೆ ಅಜ್ಜ ಒಂದು ಕುರಿಗೆ ಚಿಕಿತ್ಸೆ ಮಾಡೋದು ನೋಡ್ದೆ. ಅದರ ಭುಜದ ಹತ್ರ ಲಿಂಬೆಹಣ್ಣು ಗಾತ್ರದ ಬಾವು. ಅಜ್ಜ ಚಾಕುವಿನ ತುದೀನ ಬೆಂಕಿಲಿ ಹಿಡಿದು ಕಾಸಿದ, ಕುರೀನ ಎರಡು ಮಂಡಿ ನಡುವೆ ಒತ್ತಿ ಹಿಡ್ಕೊಂಡ. ಕುರಿ ಕಾಲು ಕೆದರ್ತಿತ್ತು, ಕಣ್ಣು ಬೆಳ್ಳಗೆ ತಿರುಗಿದ್ವು, ಮೈಯೆಲ್ಲ ಗಡಗಡ ನಡುಗ್ತಿತ್ತು. ಅಜ್ಜ ಅದರ ಕಿವಿ ಹತ್ರ ಬಾಯಿಟ್ಟು ಗಂಟಲಲ್ಲೇ ಏನೋ ಒಂದು ಸದ್ದು ಮಾಡ್ದ, ಹುರ್ರ್ ಹುರ್ರ್ ಅಂತ, ದಿನಾ ಮಂದೆ ತಿರುಗಿಸೋವಾಗ ಮಾಡೋ ಸದ್ದೇ ಅದು. ನಡುಕ ನಿಲ್ಲಲಿಲ್ಲ, ಇದನ್ನ ನಾನು ಚೆನ್ನಾಗಿ ನೋಡಿದೀನಿ, ನಡುಕ ಇದ್ದೇ ಇತ್ತು, ಆದ್ರೆ ಕಾಲು ಕೆದರೋದು ನಿಲ್ತು. ತಲೆ ತಂದು ಅಜ್ಜನ ತೊಡೆಗೆ ಒತ್ತಿಕೊಳ್ತು. ಆಗ ಅವನು ಕೊಯ್ದ. ಕೀವು ಹಿಂಡಿ ತೆಗೆದು ಅರಿಶಿಣ ಬೇವು ಅರೆದು ತುಂಬಿದ. ಅಷ್ಟೇ, ಕುರಿ ಎದ್ದು ಮೈ ಕೊಡವಿ ಮಂದೆ ಸೇರ್ಕೊಳ್ತು.

ಮೂವತ್ತು ವರ್ಷ ಇದು ನೆನಪಿಗೆ ಬಂದಿರ್ಲಿಲ್ಲ ನಂಗೆ.

ಆಮೇಲೆ ನಾವು ಬಳ್ಳಾರಿಗೆ ಅಜ್ಜಿ ಮನೆಗೆ ಬಂದ್ವಿ, ಓದು, ಟೀಚರ್ ಕೆಲಸ, ಮದುವೆ. ಚರ್ಚಿಗೆ ಹೋಗ್ತಿದ್ದೆ. ಕ್ವಾಯರಲ್ಲಿ ಹಾಡ್ತಿದ್ದೆ, ಕ್ರಿಸ್ಮಸ್ಸಿಗೆ ಸ್ಟಾರ್ ಕಟ್ತಿದ್ದೆ, ಸಂಡೇ ಸ್ಕೂಲ್ ಮಕ್ಕಳಿಗೆ ಕಂಠಪಾಠ ಹೇಳಿಕೊಡ್ತಿದ್ದೆ. ನಂಬಿಕೆ ಇತ್ತಾ ಅಂದ್ರೆ, ಮನೇಲಿ ದೊಡ್ಡೋರ ಫೋಟೋ ಇರ್ತದಲ್ಲ ಗೋಡೆ ಮೇಲೆ, ದಿನಾ ನೋಡ್ತೀವಿ ಆದ್ರೆ ನೋಡಲ್ಲ, ಹಂಗಿತ್ತು. ಮಗಳು ಹೊಟ್ಟೆಲಿದ್ದಾಗ ಮೊದಲ ಸಲ ಉಸಿರು ಕಟ್ತು, ಆಗ ಎಕೋ ಅಂತ ಹೃದಯದ ಸ್ಕ್ಯಾನ್ ಮಾಡಿ, ಹೃದಯದ ಎಡಗಡೆ ಎರಡು ಕೋಣೆ ನಡುವೆ ಇರೋ ಮೈಟ್ರಲ್ ವಾಲ್ವ್ ಕಿರಿದಾಗಿದೆ ಅಂದ್ರು. ಹೆರಿಗೆ ಆದ್ಮೇಲೆ ತೊಡೆಯ ರಕ್ತನಾಳದಿಂದ ಬಲೂನ್ ಕಳ್ಸಿ ಅಗಲ ಮಾಡಿದ್ರು. ಹದಿಮೂರು ವರ್ಷ ಅದರಲ್ಲೇ ನಡೀತು. ಆಮೇಲೆ ಮತ್ತೆ ಮೆಟ್ಟಿಲು ಹತ್ತೋವಾಗ ಎದೆ ಡವಡವ, ರಾತ್ರಿ ಮಲಗಿದ್ರೆ ಉಸಿರು ಕಟ್ಟಿ ಎದ್ದು ಕೂರೋದು, ಎರಡು ದಿಂಬು ಮೂರು ದಿಂಬು. ಚೆನ್ನಾಗಿರೋ ವಾಲ್ವಿನ ಬಾಯಿ ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರ್ಬೇಕಂತೆ, ನನ್ನದು ಒಂದಕ್ಕಿಂತ ಕಡಿಮೆ ಆಗಿತ್ತು, ಸಾಲದ್ದಕ್ಕೆ ಸುಣ್ಣ ಕಟ್ಟಿ ಗಟ್ಟಿಯಾಗಿ ಸೋರ್ತಾನೂ ಇತ್ತು. ಇನ್ನು ಬಲೂನ್ ಆಗಲ್ಲ, ಎದೆ ತೆಗೆದು ವಾಲ್ವ್ ಬದಲಿಸ್ಬೇಕು ಅಂದ್ರು.

ಡಾಕ್ಟ್ರು ಒಳ್ಳೆಯವ್ರು, ಚಿತ್ರ ಬರೆದು ತಾಳ್ಮೆಯಿಂದ ವಿವರಿಸಿದ್ರು. ಆ ವಾಲ್ವಿಗೆ ಎರಡು ರೆಕ್ಕೆ, ಬಿಷಪ್ಪರು ತಲೆ ಮೇಲೆ ಇಟ್ಕೊಳೋ ಎರಡು ಕೊಂಬಿನ ಟೋಪಿ ಥರ ಇರ್ತದೆ, ಆ ಟೋಪಿಗೆ ಇಂಗ್ಲಿಷಲ್ಲಿ ಮೈಟರ್ ಅಂತಾರೆ, ಅದಕ್ಕೇ ಮೈಟ್ರಲ್ ಅನ್ನೋ ಹೆಸರು ಅಂದ್ರು. ಇಷ್ಟು ವರ್ಷ ಚರ್ಚಲ್ಲಿ ನೋಡಿದ್ದ ಟೋಪಿ ನನ್ನ ಎದೆ ಒಳಗೇ ಇತ್ತಾ ಅನ್ನಿಸ್ತು. ಮುಂದೆ ಹೇಳಿದ್ದು ಕೇಳಿ ಕೈಕಾಲು ತಣ್ಣಗಾದ್ವು. ಎದೆ ಮೂಳೆ ಕೊಯ್ತಾರೆ, ರಕ್ತವನ್ನೆಲ್ಲ ಹೊರಗಿನ ಮಷೀನಿಗೆ ತಿರುಗಿಸ್ತಾರೆ, ಪೊಟ್ಯಾಸಿಯಂ ಇರೋ ತಣ್ಣನೆ ದ್ರಾವಣ ಬಿಟ್ಟು ಹೃದಯ ನಿಲ್ಲಿಸ್ತಾರೆ. ನಿಲ್ಲಿಸ್ತಾರೆ ಅನ್ನೋ ಒಂದೇ ಮಾತು ತಲೇಲಿ ಉಳೀತು. ನಮ್ಮನೆಯವ್ರು ರಾತ್ರಿಯೆಲ್ಲ ಮೊಬೈಲಲ್ಲಿ ಹುಡುಕಿ, ನೋಡು, 1953ರಲ್ಲೇ ಅಮೆರಿಕದಲ್ಲಿ ಜಾನ್ ಗಿಬ್ಬನ್ ಅನ್ನೋ ಸರ್ಜನ್ ಈ ಮಷೀನ್ ಹಾಕಿ 18 ವರ್ಷದ ಹುಡುಗಿಗೆ ಆಪರೇಷನ್ ಮಾಡಿ ಉಳಿಸಿದಾರೆ, ಈಗ ದಿನಾ ಮಾಡ್ತಾರೆ, ಏನಾಗಲ್ಲ ಅಂದ್ರು. ನಂಗೆ ಲೆಕ್ಕ ಬೇಕಿರ್ಲಿಲ್ಲ. ನೂರರಲ್ಲಿ ಇಷ್ಟು ಜನಕ್ಕೆ ತೊಂದ್ರೆ ಆಗಬಹುದು ಅಂತ ಡಾಕ್ಟ್ರು ಹೇಳಿದ್ದು ಬಹಳ ಸಣ್ಣ ಅಂಕಿ, ಆದ್ರೆ ನಾನು ಆ ಸಣ್ಣ ಅಂಕಿ ಒಳಗೇ ನನ್ನ ಹೆಸರು ನೋಡ್ತಿದ್ದೆ.

ಹೆದರಿದ ಮನಸ್ಸು ಯಾರ ಮಾತಾದ್ರೂ ನಂಬ್ತದೆ. ಆ ದಿನಗಳಲ್ಲೇ ಪರಿಚಯದವ್ರ ಮನೆ ಪ್ರಾರ್ಥನಾ ಕೂಟಕ್ಕೆ ಹೊರಗಿಂದ ಒಬ್ಬ ಬೋಧಕರು ಬಂದಿದ್ರು. ನನ್ನ ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿ, ಸಿಸ್ಟರ್ ದೇವರು ಆಗಲೇ ವಾಸಿ ಮಾಡಿದ್ದಾನೆ, ಇನ್ನು ಆಪರೇಷನ್ ಅಂದ್ರೆ ಅವಿಶ್ವಾಸ, ಗುಳಿಗೆ ಕೂಡ ಬಿಡು, ನಿನ್ನ ನಂಬಿಕೆ ತೋರ್ಸು ಅಂದ್ರು. ನಾನು ಬಿಟ್ಟೆ. ಮನೇಲಿ ಹೇಳದೇ ನಾಲ್ಕು ದಿನ, ಮೈಯಲ್ಲಿ ನೀರು ನಿಲ್ಲದಂಗೆ ಕೊಡೋ ಗುಳಿಗೇನೂ ಸೇರಿ ಎಲ್ಲಾ ಬಿಟ್ಟೆ. ನಾಲ್ಕನೇ ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿ, ಬಾಯಲ್ಲಿ ಗುಲಾಬಿ ಬಣ್ಣದ ನೊರೆ ಬಂದು, ಆಟೋದಲ್ಲಿ ಎಮರ್ಜೆನ್ಸಿಗೆ ಒಯ್ದ್ರು. ಮಗಳು ಬಾಗಿಲಲ್ಲಿ ನಿಂತು ನೋಡ್ತಿದ್ಲು, ಆ ಮುಖ ನಾನು ಮರೆಯಲ್ಲ. ಅವತ್ತಿಂದ ಒಂದು ಮಾತು ಎಲ್ಲರಿಗೂ ಹೇಳ್ತೀನಿ, ದೇವರ ಹೆಸರಲ್ಲಿ ಗುಳಿಗೆ ಬಿಡು ಅನ್ನೋರ ಮಾತು ಕೇಳ್ಬೇಡ್ರಿ. ಅವ್ರು ಪ್ರಾರ್ಥನೆ ಮುಗ್ಸಿ ಊರಿಗೆ ಹೋಗ್ತಾರೆ, ಉಸಿರು ಕಟ್ಟೋದು ನಮಗೆ.

ಆ ನಾಲ್ಕು ದಿನಕ್ಕಿಂತ ಆಮೇಲಿನ ದಿನಗಳು ಕಷ್ಟ ಆದ್ವು, ಯಾಕಂದ್ರೆ ಈಗ ಹೆದರಿಕೆ ಜೊತೆ ನಾಚಿಕೇನೂ ಸೇರ್ತು. ನನ್ನ ನಂಬಿಕೆ ಸಾಲ್ಲಿಲ್ಲ, ಅದಕ್ಕೇ ವಾಸಿ ಆಗ್ಲಿಲ್ಲ ಅಂತ. ನಮ್ಮ ಸಭೆಯ ಅಯ್ಯನವ್ರು, ಅಂದ್ರೆ ಪಾಸ್ಟರ್, ಆಸ್ಪತ್ರೆಗೆ ಬಂದ್ರು, ಇದನ್ನ ಅವರ ಮುಂದೆ ಹೇಳಿ ಅತ್ತೆ. ಅವ್ರು ಬೈಲಿಲ್ಲ, ಬೋಧನೆ ಮಾಡ್ಲಿಲ್ಲ. ಸ್ಟೂಲ್ ಎಳ್ಕೊಂಡು ಕೂತು ಹೇಳಿದ್ರು, "ಅಮ್ಮಾ, ಸುವಾರ್ತೆ ಬರೆದ ಲೂಕ ಯಾರು? ವೈದ್ಯ. ಪೌಲ ಅವನನ್ನ ಪ್ರಿಯ ವೈದ್ಯ ಅಂತಾನೇ ಕರೀತಾನೆ. ಪೌಲನ ಜೊತೆ ಊರೂರು ತಿರುಗಿದೋನು ಅವನು. ವೈದ್ಯ ಬೇಡ ಅನ್ನೋ ದೇವರಾಗಿದ್ರೆ ವೈದ್ಯನ ಕೈಲಿ ಸುವಾರ್ತೆ ಬರೆಸ್ತಿದ್ನಾ?" ಅಂದ್ರು. ಆಮೇಲೆ ಗೆತ್ಸೇಮನೆ ತೋಟದ ಭಾಗ ಓದಿದ್ರು. ನಾಳೆ ಸಾವು ಅಂತ ಗೊತ್ತಿರೋ ರಾತ್ರಿ ಯೇಸು, ಆಗೋದಾದ್ರೆ ಈ ಪಾತ್ರೆ, ಅಂದ್ರೆ ಈ ಕಷ್ಟ, ನನ್ನಿಂದ ತೆಗೆದುಬಿಡು ಅಂತ ತಂದೇನ ಬೇಡ್ಕೊಂಡ. ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳ್ತಿತ್ತು ಅಂತ ಬರೆದಿರೋದು ನಾಲ್ಕು ಸುವಾರ್ತೆಗಳಲ್ಲಿ ಲೂಕ ಒಬ್ಬನೇ. ಆ ಬೆವರು ಡಾಕ್ಟ್ರ ಕಣ್ಣಿಗೆ ಬಿತ್ತು ನೋಡ್ರಿ.

ಎಷ್ಟು ಗುಡ್ ಫ್ರೈಡೇಲಿ ಕೇಳಿದ್ದ ಭಾಗ ಅದು. ಆದ್ರೆ ಅವತ್ತು ಮಾತ್ರ ನಂಗೆ ತಿಳೀತು, ಅವನೂ ಹೆದರಿದ್ದ. ಜೊತೆಗಿದ್ದ ಶಿಷ್ಯರಿಗೆ ಎಚ್ಚರವಾಗಿರ್ರಿ ಅಂತ ಕೇಳ್ಕೊಂಡ, ಅವ್ರು ನಿದ್ದೆ ಹೋದ್ರು. ಹೆದರೋದು ನಂಬಿಕೆ ಇಲ್ಲದವ್ರ ಲಕ್ಷಣ ಆಗಿದ್ರೆ ಅವನೇ ಮೊದಲ ಅವಿಶ್ವಾಸಿ ಆಗ್ಬೇಕಿತ್ತು. ನನ್ನ ಎದೆ ಮೇಲಿಂದ ಒಂದು ಕಲ್ಲು ಇಳಿದಂಗಾಯ್ತು. ಬದುಕ್ತೀನಿ ಅನ್ನೋ ಧೈರ್ಯ ಬರ್ಲಿಲ್ಲ, ಹೆದರೋಕೆ ಅನುಮತಿ ಸಿಕ್ತು.

ಅಜ್ಜಿ ಬೈಬಲ್ ಟ್ರಂಕಲ್ಲಿತ್ತು, ಬೆನ್ನು ಕಿತ್ತೋಗಿ ಜೀನ್ಸ್ ದಾರದಲ್ಲಿ ಹೊಲಿದಿದ್ದು, ಅದನ್ನ ತೆಗ್ಸಿದೆ. ನಮ್ಮ ಬಳ್ಳಾರಿಗೂ ಕನ್ನಡ ಬೈಬಲ್ಲಿಗೂ ಹಳೇ ನಂಟು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನ್ನೋರು ಇಲ್ಲಿಗೆ ಬಂದು, ಈ ಸುಡೋ ಊರಲ್ಲೇ ಕೂತು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈ ಹಾಕಿದ್ರು. ಅವರ ಜೊತೆಗಿದ್ದ ವಿಲಿಯಂ ರೀವ್ ಕನ್ನಡಕ್ಕೆ ನಿಘಂಟು ಮಾಡಿದ್ರು. ಆಮೇಲೆ ಎಷ್ಟೋ ಸಲ ಆ ಅನುವಾದ ತಿದ್ದಿದಾರೆ, ಆದ್ರೂ ದೇವರ ಮಾತು ನಮ್ಮ ಕಡೆ ಮಣ್ಣಲ್ಲಿ ಕನ್ನಡ ಆಯ್ತು ಅನ್ನೋದು ನಂಗೆ ಅಭಿಮಾನದ ವಿಷಯ. ಅಜ್ಜಿ ಇಪ್ಪತ್ತಮೂರನೇ ಕೀರ್ತನೆ ಪುಟಕ್ಕೆ ಒಣಗಿದ ಎಲೆ ಇಟ್ಟಿದ್ರು. "ಯೆಹೋವನು ನನಗೆ ಕುರುಬನು." ನಾಲ್ಕು ವರ್ಷದೋಳಿದ್ದಾಗಿಂದ ಬಾಯಿಪಾಠ ಇರೋ ಸಾಲು. ಅವತ್ತು ಕುರುಬ ಅನ್ನೋ ಪದದ ಹತ್ರ ನಿಂತುಬಿಟ್ಟೆ.

ಪಟದಲ್ಲಿ ಇರ್ತಾನಲ್ಲ, ಬಿಳಿ ನಿಲುವಂಗಿ, ಭುಜದ ಮೇಲೆ ಮುದ್ದಾದ ಮರಿ, ಆ ಕುರುಬ ಕಾಣ್ಲಿಲ್ಲ. ಕರಿ ಕಂಬಳಿ ಅಜ್ಜ ಕಂಡ. ನಿನ್ನ ದೊಣ್ಣೆಯೂ ನಿನ್ನ ಕೋಲೂ ಅಂತ ಮುಂದೆ ಬರ್ತದೆ, ನಾನು ಎರಡನ್ನೂ ನೋಡಿದೀನಿ, ಕೋಲು ಕುರಿ ತಿರುಗ್ಸೋಕೆ, ದೊಣ್ಣೆ ತೋಳಕ್ಕೆ. ಮತ್ತೆ ಕಾರ್ಗತ್ತಲಿನ ಕಣಿವೆಲಿ ಹೆದರೆನು ಅನ್ನೋದಕ್ಕೆ ಕೊಟ್ಟಿರೋ ಕಾರಣ ಏನು? ಕಣಿವೆ ತಪ್ಪಿಸ್ತೀಯ ಅಂತ ಅಲ್ಲ, ತೋಳ ಬರಲ್ಲ ಅಂತ ಅಲ್ಲ. "ನೀನು ಹತ್ತಿರವಿರುವದರಿಂದ." ಅಷ್ಟೇ ಕಾರಣ. ಇಷ್ಟು ವರ್ಷ ಮಕ್ಕಳಿಗೆ ಕಂಠಪಾಠ ಮಾಡ್ಸಿದ್ದೀನಿ, ಆ ಒಂದು ಪದ ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ. ಅಲ್ಲೀವರೆಗೂ ನನ್ನ ಪ್ರಾರ್ಥನೆ ಎಲ್ಲಾ ಉಳಿಸು ಉಳಿಸು ಅಂತ ಇತ್ತು. ಆ ರಾತ್ರಿಯಿಂದ ಹತ್ರ ಇರು ಅಂತ ಆಯ್ತು. ಉಳಿಸು ಅಂತ ಕೇಳೋದು ಬಿಟ್ಟೆ ಅಂತ ಅಲ್ಲ, ಮಗಳಿದ್ದಾಳೆ, ಹೆಂಗೆ ಬಿಡ್ಲಿ, ಆದ್ರೆ ಅದು ಎರಡನೇ ಮಾತಾಯ್ತು.

ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಬೆಂಗಳೂರಿಗೆ ಹೊರಟ್ವಿ. ಲೋಯರ್ ಬರ್ತ್ ಇದ್ರೂ ಮಲಗೋಕೆ ಆಗ್ದೆ ಕೂತೇ ಹೋದೆ. ರಕ್ತ ಕೊಡೋಕೆ ನಮ್ಮ ಸಭೆಯ ಇಬ್ಬರು ಹುಡುಗರು, ನಮ್ಮ ಮಷೀನಲ್ಲಿ ಹೊಲಿಯೋ ಇಬ್ಬರು ಮುಸಲ್ಮಾನ ಹುಡುಗರು ಜೊತೆಗೆ ಬಂದಿದ್ರು, ಸ್ಲೀಪರ್ ಸಿಗದೆ ಜನರಲ್ ಬೋಗಿಲಿ ರಾತ್ರಿಯಿಡೀ ನಿಂತು ಬಂದ್ರು. ಆ ಋಣ ದೊಡ್ಡದು.

ವಾರ್ಡಲ್ಲಿ ಪಕ್ಕದ ಬೆಡ್ಡಿಗೆ ಸಿಂಧನೂರು ಕಡೆಯ ಒಬ್ಬ ಅಕ್ಕ, ಐವತ್ತರ ಮೇಲೆ ವಯಸ್ಸು, ಅವರಿಗೂ ವಾಲ್ವೇ. ದಿಂಬಿನ ಕೆಳಗೆ ಅಂಬಾಮಠದ ಅಮ್ಮನ ಕುಂಕುಮದ ಪೊಟ್ಟಣ, ನನ್ನ ದಿಂಬಿನ ಕೆಳಗೆ ಅಜ್ಜಿ ಬೈಬಲ್. ಇಬ್ಬರೂ ರಾತ್ರಿ ದಿಂಬು ಒರಗಿ ಕೂತು ಬದನೆಕಾಯಿ ಎಣಗಾಯಿ, ಸೊಸೆ, ಭತ್ತದ ರೇಟು ಎಲ್ಲಾ ಮಾತಾಡ್ತಿದ್ವಿ. ಎದುರು ಬೆಡ್ಡಲ್ಲಿ ಒಬ್ಬ ಹುಡುಗ ಇದ್ದ, ಇಪ್ಪತ್ತೂ ಆಗಿರ್ಲಿಲ್ಲ, ಅವನ ತಾಯಿ ಕೈಲಿ ಜಪಸರ, ಮುದಗಲ್ ಕಡೆಯವ್ರು. ಮುದಗಲ್ಲಲ್ಲಿ ಕಥೋಲಿಕ ಸಭೆ ಬಹಳ ಹಳೇದು, ನೂರಾರು ವರ್ಷದ್ದು, ಅಲ್ಲಿನ ಭಕ್ತಿ ಆ ತಾಯಿಯ ಮುಖದಲ್ಲೇ ಇತ್ತು. ನನಗಿಂತ ಎರಡು ದಿನ ಮುಂಚೆ ಅವನನ್ನ ಒಳಗೆ ಕರ್ಕೊಂಡು ಹೋದ್ರು. ಅವನು ವಾಪಸ್ ಬರ್ಲಿಲ್ಲ.

ಇದನ್ನ ಬರೀದೇ ಬಿಡಬಹುದಿತ್ತು, ಆದ್ರೆ ಬಿಟ್ರೆ ಸುಳ್ಳಾಗ್ತದೆ. ಆ ತಾಯಿ ನನಗಿಂತ ಕಡಿಮೆ ಪ್ರಾರ್ಥನೆ ಮಾಡಿರ್ಲಿಲ್ಲ. ನಂಬಿದ್ರೆ ಬದುಕ್ತೀರಿ ಅಂತ ನಾನು ಯಾರಿಗೂ ಹೇಳಲ್ಲ, ಆ ತಾಯಿ ಮುಖ ನೋಡಿದ ಮೇಲೆ ಹೇಳೋಕೆ ನಾಲಿಗೆ ಏಳಲ್ಲ. ಯಾಕೆ ಅವನು, ಯಾಕೆ ನಾನಲ್ಲ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅವ್ರು ಹೋಗೋವಾಗ ಕೈ ಹಿಡ್ಕೊಂಡೆ. ಅವ್ರು, "ನನ್ನ ಕೂಸು ಒಬ್ಬನ ಹೋಗಿಲ್ಲವ್ವಾ" ಅಂದ್ರು. ಅಷ್ಟು ದುಃಖದಲ್ಲಿ. ನನಗಿಂತ ಎಷ್ಟೋ ಮುಂದೆ ಇದ್ರು ಆ ತಾಯಿ.

ಕಾಲುಂಗುರ ತೆಗೆದ ರಾತ್ರಿಗೆ ಬರ್ತೀನಿ. ಕೆಂಪು ಔಷಧಿ ಹಾಕಿ ಸ್ನಾನ ಮಾಡ್ಸಿದ್ರು, ಹನ್ನೆರಡರ ಮೇಲೆ ನೀರೂ ಇಲ್ಲ ಅಂದ್ರು. ನಮ್ಮನೆಯವ್ರನ್ನ ಹೊರಗೆ ಕಳ್ಸಿದ್ರು. ಸಿಂಧನೂರಕ್ಕನದು ನನ್ನ ಮರುದಿನಕ್ಕೆ ಇತ್ತು. ಲೈಟ್ ಆರಿಸಿದ ಮೇಲೆ ಅವ್ರು ಮೆಲ್ಲಗೆ, "ತಂಗಿ, ಎದ್ದೀಯೇನು? ನಿಮ್ಮ ದೇವ್ರಿಗೆ ನನ್ನ ಹೆಸರೂ ಒಂದ್ಸಲ ಹೇಳವಾ" ಅಂದ್ರು. ಕೈ ಚಾಚಿದ್ರು, ಎರಡು ಬೆಡ್ಡಿನ ನಡುವೆ ನಾನೂ ಕೈ ಚಾಚಿ ಹಿಡ್ಕೊಂಡೆ. ಭತ್ತ ನಾಟಿ ಮಾಡಿ ಮಾಡಿ ಒರಟಾದ ಕೈ. ಚರ್ಚಿನ ಭಾಷೆ ಬರ್ಲಿಲ್ಲ ನಂಗೆ ಅವತ್ತು, ನಮ್ಮೂರ ಮಾತಲ್ಲೇ ಹೇಳ್ದೆ, ಅಪ್ಪಾ ತಂದೆ, ಇಬ್ಬರೂ ಅಂಜೇವಿ, ಅಕ್ಕನ ಹತ್ರನೂ ಇರು, ನನ್ನ ಹತ್ರನೂ ಇರು. ಅಷ್ಟೇ. ಅಕ್ಕ ಹೂಂ ಅಂದ್ರು.

ಆಗ ಬಂತು. ಬೆಳಕು ಕಾಣ್ಲಿಲ್ಲ, ಧ್ವನಿ ಕೇಳ್ಲಿಲ್ಲ. ನಡುಕ ಇತ್ತು, ಆ ಕುರಿ ಥರಾನೇ ಮೈ ಸಣ್ಣಗೆ ನಡುಗ್ತಾನೇ ಇತ್ತು. ಆದ್ರೆ ಒಳಗೆ ಕಾಲು ಕೆದರೋದು ನಿಲ್ತು. ಚಾಕು ಹಿಡಿದೋರ ಕೈಗೂ ಮಿಗಿಲಾದ ಒಂದು ಕೈ ನನ್ನನ್ನ ಒತ್ತಿ ಹಿಡಿದಿದೆ ಅಂತ, ಅಮ್ಮನ ಮಡಿಲು ಗೊತ್ತಾಗೋ ಹಾಗೆ ಗೊತ್ತಾಯ್ತು. ಎಷ್ಟೋ ತಿಂಗಳಾದ್ಮೇಲೆ ನಾನು ಆ ರಾತ್ರಿ ನಾಲ್ಕು ಗಂಟೆ ಚೆನ್ನಾಗಿ ನಿದ್ದೆ ಮಾಡ್ದೆ, ಕೂತಲ್ಲೇ.

ಬೆಳಿಗ್ಗೆ ಥಿಯೇಟರ್ ಬಹಳ ತಣ್ಣಗಿತ್ತು. ಮೇಲೆ ದೊಡ್ಡ ದೀಪ, ಹಸಿರು ಬಟ್ಟೆ. ಅರಿವಳಿಕೆ ಕೊಡೋ ಡಾಕ್ಟ್ರಮ್ಮ ನನ್ನ ತಲೆ ಹತ್ರ ನಿಂತು, ಯಾವೂರಮ್ಮ ಅಂದ್ರು, ಬಳ್ಳಾರಿ ಅಂದೆ, ಅಲ್ಲಿ ಬಿಸಿಲಿಗೆ ಇಲ್ಲಿ ಚಳಿ ಆಗ್ತಿರ್ಬೇಕು ಅಂತ ಇನ್ನೊಂದು ಹೊದಿಕೆ ಹೊದಿಸಿದ್ರು. ನಾನು, ಮೇಡಂ ನೀವು ಪೂರ್ತಿ ಹೊತ್ತು ಇಲ್ಲೇ ಇರ್ತೀರಾ ಅಂತ ಕೇಳ್ದೆ. "ನೀವು ಮಲಗಿ, ನೀವು ಏಳೋವರೆಗೂ ನಾನು ಎಚ್ಚರವಾಗಿರೋದೇ ನನ್ನ ಕೆಲಸ" ಅಂದ್ರು. ಆ ಮಾತು ಎಲ್ಲೋ ಕೇಳಿದ್ದೆ. ಕುರಿ ಮಲಗಬೇಕಂದ್ರ ನಾ ಎದ್ದಿರಬೇಕು. ಕಣ್ಣು ಮುಚ್ಚೋವಾಗ ಕುಷ್ಟಗಿ ಹೊಲದ ಕುರಿ ಗೊಬ್ಬರದ ವಾಸನೆ ಬಂದಂಗಾಯ್ತು.

ಎದ್ದಾಗ ಬಾಯಲ್ಲಿ ಪೈಪ್, ಮಾತಾಡೋಕೆ ಆಗಲ್ಲ, ಎದೆ ಮೇಲೆ ಯಾರೋ ಒರಳು ಕಲ್ಲು ಇಟ್ಟ ಹಾಗೆ ಭಾರ. ಐಸಿಯು ದಿನಗಳು ಕಷ್ಟದವು, ಕೆಮ್ಮಿದ್ರೆ ಮೂಳೆ ಎರಡಾದ ಹಾಗೆ, ದಿಂಬು ಎದೆಗೆ ಅಪ್ಪಿಕೊಂಡು ಕೆಮ್ಮೋಕೆ ಹೇಳಿಕೊಟ್ರು, ಅದೆಲ್ಲ ಜಾಸ್ತಿ ಬರೆಯಲ್ಲ. ಒಂದೇ ವಿಷಯ. ಪೈಪ್ ತೆಗೆದ ರಾತ್ರಿ, ಮಷೀನ್‌ಗಳ ಸದ್ದು ಸ್ವಲ್ಪ ಕಡಿಮೆ ಆದಾಗ, ಟಿಕ್, ಟಿಕ್, ಟಿಕ್ ಅಂತ ಕೇಳಿಸ್ತು. ಗೋಡೆ ಗಡಿಯಾರ ಅನ್ಕೊಂಡೆ. ಗೋಡೆಲಿ ಗಡಿಯಾರ ಇರ್ಲಿಲ್ಲ, ನನ್ನ ಎದೆ ಒಳಗಿನ ಹೊಸ ವಾಲ್ವಿನ ಸದ್ದು ಅದು. ನಂಗೆ ಹಾಕಿರೋದು ಚಿತ್ರಾ ವಾಲ್ವ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವ್ರು ನಮ್ಮ ದೇಶದಲ್ಲೇ ಮಾಡಿದ್ದು, 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದ್ರಂತೆ. ಅಂದ್ರೆ ಆ ಅಜ್ಜ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ ಕಾಲಕ್ಕೇ ಹೆಚ್ಚು ಕಡಿಮೆ. ನಂಗೆ ಕಾಯಿಲೆ ಶುರುವಾದ ಹೊತ್ತಿಗೇ ಎಲ್ಲೋ ದೂರದಲ್ಲಿ ಯಾರೋ ಗುರುತಿಲ್ಲದವ್ರು ಕೂತು ಅದಕ್ಕೆ ಬೇಕಾದ ವಾಲ್ವಿನ ಬಿಲ್ಲೆ ತಯಾರು ಮಾಡ್ತಿದ್ರು. ಇದನ್ನ ಯೋಚ್ನೆ ಮಾಡಿದಾಗೆಲ್ಲ ಕಣ್ಣು ತುಂಬ್ತದೆ.

ಈಗ ದಿನಾ ಸಂಜೆ ರಕ್ತ ಗಟ್ಟಿ ಆಗದೇ ಇರೋ ಗುಳಿಗೆ, ಜೀವನ ಪೂರ್ತಿ. ಆಗಾಗ, ರಕ್ತ ಗಟ್ಟಿಯಾಗೋಕೆ ಎಷ್ಟು ಹೊತ್ತು ಹಿಡೀತದೆ ಅಂತ ನೋಡೋ ಐಎನ್ಆರ್ ಟೆಸ್ಟ್. ಸೊಪ್ಪು ಒಂದಿನ ಜಾಸ್ತಿ ಒಂದಿನ ಇಲ್ಲ ಅಂದ್ರೆ ಲೆಕ್ಕ ತಪ್ತದೆ, ವಿಟಮಿನ್ ಕೆ ಆ ಗುಳಿಗೆಗೆ ಎದುರು, ಅದಕ್ಕೇ ಪುಂಡಿಪಲ್ಯ ಇಷ್ಟ ಅಂತ ಒಂದೇ ದಿನ ಹೊಟ್ಟೆ ತುಂಬ ತಿನ್ನಂಗಿಲ್ಲ, ಅಳತೆಲಿ ತಿಂತೀನಿ. ಹೆದರಿಕೆ ಈಗ್ಲೂ ಬರ್ತದೆ, ಟೆಸ್ಟ್ ರಿಪೋರ್ಟ್ ಬರೋ ದಿನ ಬರ್ತದೆ, ಸುಮ್ನೆ ಒಂದು ಸಂಜೆ ಕಾರಣ ಇಲ್ದೆ ಬರ್ತದೆ. ಬಂದಾಗ ಓಡ್ಸಲ್ಲ. ಹತ್ರ ಇರು ಅಂತೀನಿ.

ಸಿಂಧನೂರಕ್ಕನೂ ಉಳಿದ್ರು. ಭಾನುವಾರ ನಾನು ಚರ್ಚಿಂದ ಬಂದು ರೊಟ್ಟಿ ತಟ್ಟೋ ಹೊತ್ತಿಗೆ ಸರಿಯಾಗಿ ಅವರ ಫೋನ್ ಬರ್ತದೆ. ಬಾಯಿ ತೆರೆದ್ರೆ ವಾಲ್ವಿನ ಸದ್ದು ಹೊರಗೆ ಜೋರಾಗಿ ಕೇಳಿಸ್ತದೆ, ಅದು ನಮ್ಮಿಬ್ಬರಿಗೂ ಗೊತ್ತು. ಹೋದ ವಾರಾನೂ ಹಂಗೇ.

"ಏ ತಂಗಿ, ರೊಟ್ಟಿ ಬಿಡು, ಬಾಯಿ ತಗದು ಫೋನ್ ಹಿಡಿ ನೋಡೋಣು."

ಹಿಡಿದೆ. ಆ ಕಡೆ ಸುಮ್ನೆ ಕೇಳಿಸ್ಕೊಳ್ತಿದ್ರು.

"ಹಾಂ, ಐತಿ. ಈಗ ನಂದು ಕೇಳು."